ಓವರ್‌ಫ್ಲೋ ಡ್ರೈನ್ ನೀರು ಎಳೀತಾ ಇಲ್ವಾ? ದೊಡ್ಡ ಪೈಪ್ ತರೋ ಮುಂಚೆ ಇಷ್ಟು ನೋಡಿ

ಅಕ್ವೇರಿಯಂಗೆ ನಾವೇ ಮಾಡ್ಕೊಂಡ ಓವರ್‌ಫ್ಲೋ (ಟ್ಯಾಂಕ್‌ನ ನೀರು ಒಂದು ಬಾಕ್ಸ್‌ನ ಅಂಚು ದಾಟಿ ಕೆಳಗಿರೋ ಸಂಪ್ ತೊಟ್ಟಿಗೆ ಇಳಿಯುತ್ತೆ, ಅಲ್ಲಿಂದ ಪಂಪ್ ಅದನ್ನ ರಿಟರ್ನ್ ಪೈಪ್‌ನಲ್ಲಿ ವಾಪಸ್ ಹತ್ತಿಸುತ್ತೆ) ಅಂದ್ರೆ ದೂರುಗಳು ಹೆಚ್ಚುಕಮ್ಮಿ ಇಷ್ಟೇ: ಪಂಪ್ ಆನ್ ಮಾಡಿದ ತಕ್ಷಣ ಟ್ಯಾಂಕ್‌ನಲ್ಲಿ ನೀರು ಏರ್ತಾನೇ ಹೋಗುತ್ತೆ, ಇಲ್ಲಾ ಸ್ವಲ್ಪ ಹೊತ್ತಿಗೊಂದ್ಸಲ ಗೊಳಗೊಳ ಅಂತ ಎಳ್ಕೊಂಡು ಮತ್ತೆ ಸುಮ್ಮನಾಗುತ್ತೆ, ಇಲ್ಲಾ ರಾತ್ರಿಯೆಲ್ಲಾ ಸದ್ದು, ಇಲ್ಲಾ ಕರೆಂಟ್ ಹೋಗಿ ಬಂದ್ಮೇಲೆ ನೆಲದ ತುಂಬಾ ನೀರು. ಇದಕ್ಕೆಲ್ಲಾ ಎಲ್ರೂ ಕೊಡೋ ಸಲಹೆ ಒಂದೇ, "ಪೈಪ್ ಚಿಕ್ಕದಾಯ್ತು, ಇನ್ನೊಂದು ಸೈಜ್ ದೊಡ್ಡದು ಹಾಕಿ". ಬಹಳ ಸಲ ಇದು ತಪ್ಪು ಸಲಹೆ, ಕೆಲವು ಕಡೆ ದೊಡ್ಡ ಪೈಪ್ ಹಾಕಿದ್ರೆ ತೊಂದರೆ ಜಾಸ್ತೀನೇ ಆಗುತ್ತೆ, ಯಾಕೆ ಅಂತ ಮುಂದೆ ಬರ್ತೀನಿ.

ಟ್ಯಾಂಕ್‌ನಿಂದ ಸಂಪ್‌ಗೆ ಹೋಗೋ ನೀರು ಮೂರು ಕಡೆ ಇಕ್ಕಟ್ಟು ದಾಟ್ಬೇಕು. ಮೊದಲನೇದು ಓವರ್‌ಫ್ಲೋ ಬಾಕ್ಸ್‌ನ ಅಂಚು, ಅಂದ್ರೆ ಹಲ್ಲು ಹಲ್ಲಾಗಿ ಕತ್ತರಿಸಿರ್ತೀವಲ್ಲ ಅದು. ಎರಡನೇದು ಪೈಪ್‌ನ ಬಾಯಿ. ಮೂರನೇದು ಪೈಪ್ ತಾನೇ, ಅದರ ಎಲ್ಬೋ, ವಾಲ್ವ್, ಕೊನೆ ಎಲ್ಲಾ ಸೇರಿ. ಮೂರಕ್ಕೂ ಲೆಕ್ಕ ಬೇರೆ ಬೇರೆ. ಯಾವುದು ಬಿಗಿ ಇದೆಯೋ ಅದನ್ನ ಬಿಟ್ಟು ಮಿಕ್ಕಿದ್ದನ್ನ ಎಷ್ಟು ದೊಡ್ಡದು ಮಾಡಿದ್ರೂ ಒಂದು ಲೋಟ ನೀರೂ ಜಾಸ್ತಿ ಹೋಗಲ್ಲ. ಹಾಗಾಗಿ ಮೊದಲು ಯಾವ ಕಡೆ ಕಟ್ಕೊಂಡಿದೆ ಅಂತ ಕಂಡು ಹಿಡೀಬೇಕು, ಗರಗಸ ಆಮೇಲೆ.

ಮೊದಲು ಪಂಪ್ ನಿಜವಾಗ್ಲೂ ಎಷ್ಟು ಕೊಡ್ತಿದೆ ಅಳೀರಿ

ಪಂಪ್ ಡಬ್ಬದ ಮೇಲೆ ಬರೆದಿರೋ ಲೀಟರ್ ಸೊನ್ನೆ ಎತ್ತರಕ್ಕೆ. ಒಂದು ಮೀಟರ್ ಮೇಲಕ್ಕೆ ಎತ್ಬೇಕು, ಮಧ್ಯೆ ನಾಲ್ಕು ಎಲ್ಬೋ ಇದೆ, ಹೋಸ್ ಸಣ್ಣದು ಅಂದ್ರೆ ಅದರಲ್ಲಿ ಎಷ್ಟೋ ಕಮ್ಮಿ ಆಗಿರುತ್ತೆ. ಡಬ್ಬದ ನಂಬರ್ ಇಟ್ಕೊಂಡು ಡ್ರೈನ್ ಲೆಕ್ಕ ಹಾಕೋದು ವೇಸ್ಟ್. ರಿಟರ್ನ್ ಪೈಪ್‌ನ ಬಾಯನ್ನ ಅದೇ ಎತ್ತರದಲ್ಲಿ ಇಟ್ಟು ಒಂದು 10 ಲೀಟರ್ ಬಕೆಟ್ ತುಂಬಿಸಿ, ಎಷ್ಟು ಸೆಕೆಂಡ್ ಆಯ್ತು ನೋಡಿ, 36000ನ ಆ ಸೆಕೆಂಡ್‌ಗಳಿಂದ ಭಾಗಿಸಿದ್ರೆ ಗಂಟೆಗೆ ಎಷ್ಟು ಲೀಟರ್ ಅಂತ ಬರುತ್ತೆ. 24 ಸೆಕೆಂಡ್ ಆದ್ರೆ 1500 ಲೀಟರ್. ಬಕೆಟ್ ಅನ್ನ ಎತ್ತರದಲ್ಲೇ ಹಿಡೀರಿ, ನೆಲಕ್ಕೆ ಇಳಿಸಿ ತುಂಬಿಸಿದ್ರೆ ಹರಿವು ಜಾಸ್ತಿ ಬಂದು ಲೆಕ್ಕ ಕೆಡುತ್ತೆ.

ಮುಂದೆಲ್ಲಾ ಉದಾಹರಣೆಗೆ ಇದೇ 1500 ಲೀಟರ್ ಇಟ್ಕೊಳ್ತೀನಿ. ನಿಮ್ಮದು ಬೇರೆ ಇದ್ರೆ ಅದಕ್ಕೆ ತಕ್ಕಂತೆ ಹಾಕ್ಕೊಳ್ಳಿ.

ಇನ್ನೊಂದು ಮಾತು, ಅಳೆದು ನೋಡಿದಾಗ ಸಂಪ್ ಮೂಲಕ ಹರಿವು ಬೇಕಾದ್ದಕ್ಕಿಂತ ಸುಮ್ನೆ ಜಾಸ್ತಿ ಇದೆ ಅನ್ನೋದು ಗೊತ್ತಾದ್ರೆ ಪಂಪ್ ಸ್ಪೀಡ್ ಕಮ್ಮಿ ಮಾಡಿ ಮುಗಿಸಿ. ಟ್ಯಾಂಕ್ ಒಳಗೆ ನೀರಿನ ಓಡಾಟ ಬೇಕು ಅಂದ್ರೆ ಅದಕ್ಕೆ ವೇವ್‌ಮೇಕರ್ ಇದೆ, ಎಲ್ಲಾ ನೀರನ್ನೂ ಸಂಪ್‌ಗೆ ಇಳಿಸಿ ಹತ್ತಿಸಿ ಮಾಡ್ಬೇಕಿಲ್ಲ.

ನೀರು ಎಲ್ಲಿ ನಿಂತಿದೆ ನೋಡಿ, ಅಲ್ಲೇ ಉತ್ತರ ಇದೆ

ಪಂಪ್ ಓಡ್ತಾ ಇರುವಾಗ ಎರಡು ಮಟ್ಟ ನೋಡಿ, ಟ್ಯಾಂಕ್ ಒಳಗಿಂದು ಒಂದು, ಓವರ್‌ಫ್ಲೋ ಬಾಕ್ಸ್ ಒಳಗಿಂದು ಇನ್ನೊಂದು. ಟ್ಯಾಂಕ್ ನೀರು ಮೇಲೆ ಏರಿ ಟ್ಯಾಂಕ್ ಗಾಜಿನ ಅಂಚಿನ ಹತ್ರ ಬಂದಿದೆ, ಆದ್ರೆ ಬಾಕ್ಸ್ ಒಳಗೆ ನೀರು ಕೆಳಗೆ ಆರಾಮಾಗಿ ಇದೆ ಅಂದ್ರೆ ಪೈಪ್‌ನ ತಪ್ಪು ಏನೂ ಇಲ್ಲ, ಹಲ್ಲಿನ ಅಂಚೇ ಸಾಲ್ತಾ ಇಲ್ಲ. ಬಾಕ್ಸ್ ಒಳಗೂ ನೀರು ಏರಿ ಹಲ್ಲಿನ ಮಟ್ಟಕ್ಕೆ ಬಂದು ಎರಡೂ ಒಂದೇ ಸಮ ಆಗಿದೆ ಅಂದ್ರೆ ಅಂಚು ಸರಿ ಇದೆ, ಕೆಳಗೆ ಬಾಯಿಯೋ ಪೈಪೋ ಹಿಡ್ಕೊಂಡಿದೆ. ಬಾಕ್ಸ್ ಒಳಗಿನ ಮಟ್ಟ ಏರೋದು ಇಳಿಯೋದು ಮಾಡ್ತಾ ಇದ್ರೆ ಅದು ಗಾಳಿ ಮತ್ತೆ ಸೈಫನ್ (ಪೈಪ್ ಗಾಳಿ ಇಲ್ಲದೇ ಪೂರ್ತಿ ತುಂಬ್ಕೊಂಡು ನೀರನ್ನ ತಾನೇ ಎಳೆಯೋದು) ಜಗಳ, ಸೈಜ್ ತೊಂದರೆ ಅಲ್ಲ. ಈ ಮೂರು ಬೇರ್ಪಡಿಸಿದ್ರೆ ಕೆಲಸ ಮುಕ್ಕಾಲು ಮುಗೀತು.

ಬಾಕ್ಸ್ ಒಳಗೆ ಕಾಣಲ್ಲ, ಕಪ್ಪು ಅಕ್ರಿಲಿಕ್ ಹಾಕಿದೀವಿ ಅನ್ನೋರು ಒಂದು ಸಣ್ಣ ಕಡ್ಡಿ ಇಳಿಸಿ ಒದ್ದೆ ಎಲ್ಲೀವರೆಗೂ ಆಗಿದೆ ನೋಡ್ಕೊಳ್ಳಿ.

ಅಂಚು ಸಾಲ್ತಾ ಇಲ್ಲ ಅಂದ್ರೆ

ಅಂಚಿನ ಮೇಲೆ ಹರಿಯೋ ನೀರು ಎರಡರ ಮೇಲೆ ನಿಂತಿದೆ, ಅಂಚಿನ ಉದ್ದ ಮತ್ತೆ ಅಂಚಿನ ಮೇಲೆ ನೀರು ಎಷ್ಟು ದಪ್ಪ ಇದೆ ಅನ್ನೋದು. ಉದ್ದ ಎರಡು ಪಟ್ಟು ಮಾಡಿದ್ರೆ ಹರಿವು ಎರಡು ಪಟ್ಟು, ದಪ್ಪ ಎರಡು ಪಟ್ಟಾದ್ರೆ ಹರಿವು ಹತ್ತಿರ ಹತ್ತಿರ 2.8 ಪಟ್ಟು. ಹಲ್ಲಿಲ್ಲದ ನಯವಾದ ಅಂಚಿಗೆ, ನೀರಿನ ದಪ್ಪ 1 ಸೆಂ.ಮೀ. ಇದ್ರೆ ಪ್ರತಿ ಸೆಂಟಿಮೀಟರ್ ಉದ್ದಕ್ಕೆ ಗಂಟೆಗೆ ಸುಮಾರು 65 ಲೀಟರ್ ಹೋಗುತ್ತೆ, ದಪ್ಪ 1.5 ಆದ್ರೆ ಸುಮಾರು 120, ದಪ್ಪ 2 ಆದ್ರೆ ಸುಮಾರು 185. ಹಲ್ಲು ಕತ್ತರಿಸಿದ್ರೆ 6 ಮಿ.ಮೀ. ಸಂದು, 6 ಮಿ.ಮೀ. ಹಲ್ಲು ಅಂತ ಇಟ್ರೆ ಅರ್ಧ ಉದ್ದ ಹಲ್ಲಿಗೇ ಹೋಯ್ತು, ನೀರಿಗೆ ಉಳಿದಿದ್ದು ಅರ್ಧ ಮಾತ್ರ. ಇಲ್ಲೇ ತುಂಬಾ ಜನ ಎಡವೋದು, ಬಾಕ್ಸ್ ಉದ್ದ ಅಳೀತಾರೆ, ಸಂದಿನ ಉದ್ದ ಅಳೆಯಲ್ಲ.

ಈಗ 10 ಸೆಂ.ಮೀ. ಉದ್ದದ ಪುಟ್ಟ ಬಾಕ್ಸ್ ತಗೊಳ್ಳಿ, ಹಲ್ಲು ಕಳೆದ್ರೆ ತೆರೆದಿರೋದು 5 ಸೆಂ.ಮೀ. 1500 ಲೀಟರ್ ಅದರಲ್ಲಿ ಹೋಗ್ಬೇಕು ಅಂದ್ರೆ ನೀರು ಸುಮಾರು 2.7 ಸೆಂ.ಮೀ. ದಪ್ಪ ನಿಲ್ಲುತ್ತೆ. ಹಲ್ಲಿನ ಆಳ 2 ಸೆಂ.ಮೀ. ಮಾತ್ರ ಇದ್ರೆ ನೀರು ಹಲ್ಲಿನ ತಲೆ ಮೇಲೇನೇ ಹರಿಯೋಕೆ ಶುರು, ಜೊತೆಗೆ ಸಣ್ಣ ಮೀನೂ ಬರುತ್ತೆ. ಅದೇ 25 ಸೆಂ.ಮೀ. ಬಾಕ್ಸ್ ಆದ್ರೆ ಹಲ್ಲಿದ್ದೂ 1.5 ಸೆಂ.ಮೀ. ದಪ್ಪಕ್ಕೆ ಮುಗಿಯುತ್ತೆ. ಪಾಚಿ ಸ್ವಲ್ಪ ಹಿಡಿದು ಸಂದು ಕಮ್ಮಿ ಆಗೋದನ್ನೂ ಸೇರಿಸ್ಕೊಂಡು ಇನ್ನೊಂದಷ್ಟು ಉದ್ದ ಇಡೋದು ಒಳ್ಳೇದು.

ಈಗಾಗ್ಲೇ ಅಂಟಿಸಿ ಆಗಿದೆ, ಬಾಕ್ಸ್ ಉದ್ದ ಮಾಡೋಕೆ ಆಗಲ್ಲ ಅಂದ್ರೆ ಹಲ್ಲು ಪೂರ್ತಿ ತೆಗೆದು ನಯವಾದ ಅಂಚು ಮಾಡಿ, ಅದರ ಮೇಲೆ ಬಲೆ ಕೂರಿಸಿ. ಅಂಚಿನಲ್ಲಿ ನೀರು ತೆಳ್ಳಗೆ ಹರಿದಷ್ಟೂ ಮೇಲ್ಮೈಯ ಎಣ್ಣೆ ಪೊರೆ ಚೆನ್ನಾಗಿ ಎಳ್ಕೊಂಡು ಹೋಗುತ್ತೆ. ಮತ್ತೆ ಅಂಚು ಮಟ್ಟಸ ಇದೆಯಾ ಒಮ್ಮೆ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ. ಟ್ಯಾಂಕ್ ಸ್ಟ್ಯಾಂಡ್ ಒಂದು ಕಡೆ 5 ಮಿ.ಮೀ. ಇಳಿದಿದ್ರೂ ನೀರೆಲ್ಲಾ ಒಂದೇ ಮೂಲೆಯಿಂದ ಹೋಗ್ತಾ ಇರುತ್ತೆ, ಮಿಕ್ಕ ಅಂಚು ಶೋಗೆ ಇದ್ದ ಹಾಗೆ.

ಪೈಪ್ ಬಾಯಿ

ಬಾಕ್ಸ್ ಒಳಗೆ ನಿಂತಿರೋ ಪೈಪ್‌ನ ಬಾಯಿಗೆ ನೀರು ಸುಮ್ನೆ ನುಗ್ಗಲ್ಲ, ಬಾಯಿ ಮೇಲೆ ನೀರು ಒಂದಷ್ಟು ಎತ್ತರ ನಿಂತು ತಳ್ಬೇಕು. ಪೈಪ್ ಒಳಗೆ ಗಾಳಿ ಸೇರ್ಕೊಂಡೇ ನೀರು ಬೀಳ್ತಿದೆ ಅನ್ಕೊಂಡ್ರೆ, ಅಂದ್ರೆ ಸೈಫನ್ ಹಿಡಿದಿಲ್ಲ ಅಂದ್ರೆ, 1500 ಲೀಟರ್ ಹೋಗೋಕೆ ಒಳವ್ಯಾಸ 25 ಮಿ.ಮೀ. ಪೈಪ್‌ನ ಮೇಲೆ ಹತ್ತಿರ ಹತ್ತಿರ 10 ಸೆಂ.ಮೀ. ನೀರು ನಿಲ್ಬೇಕು. ಒಳವ್ಯಾಸ 32 ಆದ್ರೆ ಸುಮಾರು 4 ಸೆಂ.ಮೀ. ಸಾಕು. 40 ಆದ್ರೆ ಒಂದೂವರೆ. ವ್ಯಾಸ ಸ್ವಲ್ಪ ಹೆಚ್ಚಿಸಿದ್ರೆ ಬೇಕಾದ ಎತ್ತರ ಎಷ್ಟು ಬೇಗ ಬೀಳುತ್ತೆ ನೋಡಿ. ಬಾಕ್ಸೇ 12 ಸೆಂ.ಮೀ. ಆಳ ಇದ್ದು ಅದರಲ್ಲಿ 25ರ ಪೈಪ್ 8 ಸೆಂ.ಮೀ. ಮೇಲಕ್ಕೆ ನಿಲ್ಸಿದ್ರೆ ಬಾಯಿ ಮೇಲೆ ಜಾಗ ಇರೋದೇ 4 ಸೆಂ.ಮೀ. ಹಾಗಾಗಿ ಅದು ತುಂಬಿ ಉಕ್ಕದೇ ಇನ್ನೇನು ಮಾಡುತ್ತೆ.

ಇಲ್ಲಿ ಒಳವ್ಯಾಸ ಅನ್ನೋದನ್ನ ಒತ್ತಿ ಹೇಳ್ತಿದೀನಿ. ಮಿಲಿಮೀಟರ್ ಲೆಕ್ಕದ ಪಿವಿಸಿ ಪೈಪ್‌ಗೆ ಹೇಳೋ ಸೈಜ್ ಹೊರಗಿನ ವ್ಯಾಸ, 32ರ ಪೈಪ್ ಅಂದ್ರೆ ಗೋಡೆ ದಪ್ಪ ಕಳೆದು ಒಳಗೆ 28ರ ಆಸುಪಾಸು ಉಳಿಯುತ್ತೆ, ಪ್ರೆಷರ್ ಜಾಸ್ತಿ ತಡೆಯೋ ಪೈಪ್ ಆದ್ರೆ ಇನ್ನೂ ಕಮ್ಮಿ. ಇಂಚಿನ ಪೈಪ್ ಕಥೆ ಬೇರೆ, ಒಂದಿಂಚು ಶೆಡ್ಯೂಲ್ 40 (ಶೆಡ್ಯೂಲ್ ಅನ್ನೋದು ಗೋಡೆ ದಪ್ಪದ ದರ್ಜೆ) ಅಂದ್ರೆ ಒಳಗೆ 26.6 ಮಿ.ಮೀ. ಇರುತ್ತೆ, ಶೆಡ್ಯೂಲ್ 80 ಅಂದ್ರೆ 24ರ ಚಿಲ್ಲರೆ. ಗಾಜಿನ ತೂತಿಗೆ ಪೈಪ್ ಜೋಡಿಸೋ ಬಲ್ಕ್‌ಹೆಡ್ ಫಿಟ್ಟಿಂಗ್ ಒಳಗೂ ಅಳತೆ ಹಿಡೀರಿ, ಕೆಲವು ಅಗ್ಗದ ಬಲ್ಕ್‌ಹೆಡ್‌ಗಳಲ್ಲಿ ದಾರ ಇರೋ ಜಾಗದಲ್ಲಿ ತೂತು ಪೈಪ್‌ಗಿಂತ ಸಣ್ಣದಾಗಿರುತ್ತೆ, ಆಗ ನಿಮ್ಮ ಪೈಪ್ ಸೈಜ್ ಅಂದ್ರೆ ಆ ತೂತಿನ ಸೈಜೇ.

ಬಾಯಿಗೆ ಹಾಕಿರೋ ಜಾಲರಿ ಇನ್ನೊಂದು ಕಳ್ಳ. ಜಾಲರಿಯ ಸಂದುಗಳೆಲ್ಲಾ ಸೇರಿ ಪೈಪ್‌ನ ಬಾಯಿಯ ಕನಿಷ್ಠ ಎರಡು ಮೂರು ಪಟ್ಟು ಇರ್ಬೇಕು, ಯಾಕಂದ್ರೆ ಒಂದು ಎಲೆ ಬಂದು ಅಂಟ್ಕೊಂಡ್ರೆ ಅರ್ಧ ಹೋಯ್ತು. ಜಾಲರಿ ತೆಗೆದ ತಕ್ಷಣ ಮಟ್ಟ ಸರಕ್ಕನೆ ಇಳಿದ್ರೆ ಬೇರೆ ಏನೂ ಹುಡುಕ್ಬೇಡಿ.

ಎಳೆಯುತ್ತೆ, ನಿಲ್ಲುತ್ತೆ, ಮತ್ತೆ ಎಳೆಯುತ್ತೆ

ಇದು ಎಲ್ಲಕ್ಕಿಂತ ತಲೆ ತಿನ್ನೋ ದೋಷ, ಟಾಯ್ಲೆಟ್ ಫ್ಲಷ್ ಮಾಡಿದ ಹಾಗೆ ಬಾಕ್ಸ್ ಖಾಲಿ ಆಗೋದು, ಮತ್ತೆ ತುಂಬೋದು. ಇದನ್ನ ನೋಡಿ ಪೈಪ್ ಸಾಲ್ತಾ ಇಲ್ಲ ಅನ್ಕೋತಾರೆ, ನಿಜ ಹೇಳ್ಬೇಕು ಅಂದ್ರೆ ಪೈಪ್ ಬೇಕಾದ್ದಕ್ಕಿಂತ ಜಾಸ್ತಿ ಎಳೀತಾ ಇದೆ.

ಆಗೋದು ಹೀಗೆ. ಒಂದೇ ಪೈಪ್‌ಗೆ ಎರಡು ಸಾಮರ್ಥ್ಯ ಇದೆ. ಗಾಳಿ ಸೇರಿ ನೀರು ಬೀಳ್ತಾ ಇದ್ದಾಗ ನಮ್ಮ 25ರ ಪೈಪ್ (ಇಲ್ಲಿಂದ ಮುಂದೆ 25, 40 ಅಂದ್ರೆಲ್ಲಾ ಒಳವ್ಯಾಸ), ಬಾಯಿ ಮೇಲೆ 5 ಸೆಂ.ಮೀ. ನೀರಿದ್ರೆ ಗಂಟೆಗೆ ಸುಮಾರು 1000 ಲೀಟರ್ ತಗೊಳ್ಳುತ್ತೆ. ಅದೇ ಪೈಪ್ ಪೂರ್ತಿ ತುಂಬ್ಕೊಂಡು ಗಾಳಿ ಇಲ್ಲದೇ ಸೈಫನ್ ಆದ್ರೆ, ಟ್ಯಾಂಕ್ ನೀರಿಗೂ ಸಂಪ್ ನೀರಿಗೂ 70 ಸೆಂ.ಮೀ. ಅಂತರ, ಮಧ್ಯೆ ಎರಡು ಎಲ್ಬೋ ಅಂತ ಲೆಕ್ಕ ಹಾಕಿದ್ರೆ 3000 ಲೀಟರ್ ಎಳೆಯುತ್ತೆ. ನಿಮ್ಮ ಪಂಪ್ ಕೊಡೋದು 1500. ಒಂದು ಸಾಮರ್ಥ್ಯ ಅದಕ್ಕಿಂತ ಕಮ್ಮಿ, ಇನ್ನೊಂದು ಅದಕ್ಕಿಂತ ಜಾಸ್ತಿ, ಹಾಗಾಗಿ ನೀರು ಏರಿ ಬಾಯಿ ಮುಚ್ಚಿ ಗಾಳಿ ನಿಂತು ಸೈಫನ್ ಹಿಡಿಯುತ್ತೆ, ಬಾಕ್ಸ್ ಖಾಲಿ ಮಾಡುತ್ತೆ, ಗಾಳಿ ಎಳ್ಕೊಂಡು ಸೈಫನ್ ಮುರಿಯುತ್ತೆ, ಮತ್ತೆ ಏರೋಕೆ ಶುರು. ಪೈಪ್‌ಗೆ ಮಧ್ಯದಲ್ಲಿ ನಿಲ್ಲೋ ಜಾಗವೇ ಇಲ್ಲ.

ಇದಕ್ಕೆ ದಾರಿ ಎರಡೇ. ಗಾಳಿಯನ್ನ ಬೇಕಂತಲೇ ಒಳಗೆ ಬಿಡೋದು, ಇಲ್ಲಾ ಗಾಳಿಯನ್ನ ಪೂರ್ತಿ ಹೊರಗಿಟ್ಟು ಸೈಫನ್ ಅನ್ನ ವಾಲ್ವ್‌ನಿಂದ ಬಿಗಿ ಹಿಡಿಯೋದು.

ಗಾಳಿ ಬಿಡೋ ದಾರಿ ಅಂದ್ರೆ ಡರ್ಸೋ ಪೈಪ್. ಮೇಲೆ ಟೀ ಹಾಕಿ, ಪಕ್ಕದ ಬಾಯಿಗೆ ಎಲ್ಬೋ ಕೆಳಮುಖ ಮಾಡಿ, ತಲೆ ಮೇಲೆ ಕ್ಯಾಪ್, ಕ್ಯಾಪ್‌ನಲ್ಲಿ ಸಣ್ಣ ತೂತು. ಫ್ಲಷ್ ಆಗ್ತಾ ಇದೆ ಅಂದ್ರೆ ಆ ತೂತು ಸಣ್ಣದಾಯ್ತು ಅಥವಾ ಉಪ್ಪು, ಪಾಚಿ ಕಟ್ಕೊಂಡು ಮುಚ್ಚಿದೆ ಅಂತ ಅರ್ಥ. 3 ಮಿ.ಮೀ.ನಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ದೊಡ್ಡದು ಮಾಡಿ, ಪ್ರತಿ ಸಲ ಹತ್ತು ನಿಮಿಷ ಬಿಟ್ಟು ನೋಡಿ. ಸಣ್ಣ ತೂತು ದೊಡ್ಡದು ಮಾಡ್ಬಹುದು, ಉಲ್ಟಾ ಆಗಲ್ಲ. ಇನ್ನೂ ಸುಲಭ ಅಂದ್ರೆ ಕ್ಯಾಪ್‌ಗೆ ಏರ್‌ಲೈನ್ ವಾಲ್ವ್ ಕೂರಿಸಿ ತಿರುಗಿಸ್ಕೊಳ್ಳೋದು. ಆದ್ರೆ ಡರ್ಸೋಗೆ ಪೈಪ್ ದಪ್ಪ ಇರ್ಲೇಬೇಕು, ಯಾಕಂದ್ರೆ ನೀರು ಪೈಪ್ ಗೋಡೆಗೆ ಅಂಟ್ಕೊಂಡು ಇಳೀಬೇಕು, ನಡುವೆ ಗಾಳಿಗೆ ಜಾಗ ಇರ್ಬೇಕು. ಕಟ್ಟಡಗಳ ನೇರ ಡ್ರೈನ್ ಪೈಪ್‌ಗಳನ್ನೂ ಹೀಗೇ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ತುಂಬೋ ಹಾಗೆ ಲೆಕ್ಕ ಹಾಕ್ತಾರೆ. 1500 ಲೀಟರ್ ಡರ್ಸೋನಲ್ಲಿ ಸದ್ದಿಲ್ಲದೆ ಇಳೀಬೇಕು ಅಂದ್ರೆ ಒಳವ್ಯಾಸ 40 ಇಡಿ, 25ರಲ್ಲಿ ತೂತು ಎಷ್ಟು ತಿರುಗಿಸಿದ್ರೂ ಸರಿಹೋಗಲ್ಲ. ಇಂಥ ಕಡೆ "ದೊಡ್ಡ ಪೈಪ್ ಹಾಕಿ" ಅನ್ನೋ ಸಲಹೆ ಸರಿ.

ಎರಡನೇ ದಾರಿ ಹರ್ಬಿ ಅನ್ನೋ ಜೋಡಣೆ. ಒಂದು ಪೈಪ್ ಪೂರ್ತಿ ಸೈಫನ್, ಕೆಳಗೆ ಗೇಟ್ ವಾಲ್ವ್, ಪಕ್ಕದಲ್ಲಿ, ಸೈಫನ್ ಕಟ್ಕೊಂಡಾಗ ಮಾತ್ರ ನೀರು ಇಳಿಸೋ ಎಮರ್ಜೆನ್ಸಿ ಪೈಪ್ ಒಣಗಿ ನಿಂತಿರುತ್ತೆ. ವಾಲ್ವ್ ಬಿಗಿ ಮಾಡ್ತಾ ಮಾಡ್ತಾ ಬಾಕ್ಸ್ ಮಟ್ಟ ಬಾಯಿಗಿಂತ ಮೇಲೆ ಒಂದು ಕಡೆ ನಿಲ್ಲೋ ಹಾಗೆ ಮಾಡ್ಕೋಬೇಕು, ಸದ್ದೇ ಇರಲ್ಲ. ಇಲ್ಲಿ ದೋಷ ಅಂದ್ರೆ ಮಟ್ಟ ಬೆಳಗ್ಗೆ ಒಂದು, ಸಂಜೆ ಒಂದು. ಮೊದಲ ಕಾರಣ ಬಾಲ್ ವಾಲ್ವ್ ಹಾಕಿರೋದು, ಕಾಲು ಸುತ್ತಿಗೆ ಪೂರ್ತಿ ಮುಚ್ಚೋ ವಾಲ್ವ್‌ನಲ್ಲಿ ಕೂದಲೆಳೆಯಷ್ಟು ಹೊಂದಿಸೋಕೆ ಆಗಲ್ಲ, ಹಲವು ಸುತ್ತು ತಿರುಗಿಸಿ ನಿಧಾನಕ್ಕೆ ಮುಚ್ಚೋ ಗೇಟ್ ವಾಲ್ವ್ ಬೇಕು. ಎರಡನೇ ಕಾರಣ ಯಾರೂ ಯೋಚನೆ ಮಾಡದೇ ಇರೋದು, ಸೈಫನ್ ಪೈಪ್ ಅತಿ ದೊಡ್ಡದಾಗಿರೋದು. 40ರ ಪೈಪ್ ಪೂರ್ತಿ ಸೈಫನ್ ಆದ್ರೆ ಅದೇ 70 ಸೆಂ.ಮೀ. ಅಂತರದಲ್ಲಿ 8000 ಲೀಟರ್ ಮೇಲೆ ಎಳೆಯುತ್ತೆ. ಅದನ್ನ 1500ಕ್ಕೆ ಇಳಿಸ್ಬೇಕು ಅಂದ್ರೆ ವಾಲ್ವ್ ಹೆಚ್ಚುಕಮ್ಮಿ ಮುಚ್ಚೇ ಇಡ್ಬೇಕು, ಆ ಸಣ್ಣ ಸೀಳಿಗೆ ಒಂದು ಬಸವನ ಹುಳದ ಮರಿ ಸಿಕ್ಕಿದ್ರೆ ಸಾಕು, ಮಟ್ಟ ಏರೋಕೆ ಶುರು. ಸೈಫನ್‌ಗೆ 25 ಸಾಕು, ವಾಲ್ವ್ ಇನ್ನೂ ಜಾಸ್ತಿ ತೆರೆದಿರುತ್ತೆ, ಕಸ ಹಾದು ಹೋಗುತ್ತೆ.

ಎಮರ್ಜೆನ್ಸಿ ಪೈಪ್ ಮಾತ್ರ ಇದಕ್ಕೆ ಉಲ್ಟಾ. ಅದು ಕೆಲಸ ಮಾಡೋದು ಗಾಳಿ ಜೊತೆಗೇ ಶುರುವಾಗಿ, ಸೈಫನ್ ಹಿಡಿಯುತ್ತೆ ಅಂತ ನಂಬ್ಕೊಂಡು ಕೂರೋಕಾಗಲ್ಲ. ಮೇಲೆ ಹೇಳಿದ ಬಾಯಿ ಲೆಕ್ಕ ಅದಕ್ಕೆ ಹಾಕಿ, 25ರ ಎಮರ್ಜೆನ್ಸಿ ಆದ್ರೆ 10 ಸೆಂ.ಮೀ. ನೀರು ಮೇಲೆ ಬೇಕು, ಅಷ್ಟರಲ್ಲಿ ಟ್ಯಾಂಕ್ ಉಕ್ಕಿರುತ್ತೆ. ಹಾಗಾಗಿ ಸೈಫನ್‌ಗೆ 25, ಎಮರ್ಜೆನ್ಸಿಗೆ 40 ಅನ್ನೋದು ನನ್ನ ಲೆಕ್ಕ. ತುಂಬಾ ಜನ ಇದನ್ನ ತಿರುಗಿಸಿ ಹಾಕ್ತಾರೆ, "ಎಮರ್ಜೆನ್ಸಿ ತಾನೆ, ಸಣ್ಣದು ಸಾಕು" ಅಂತ. ಮತ್ತೆ ಎಮರ್ಜೆನ್ಸಿ ಪೈಪ್‌ಗೆ ವಾಲ್ವ್ ಹಾಕ್ಲೇಬೇಡಿ, ಜಾಲರಿಯೂ ಬೇಡ.

ಮೂರು ಪೈಪ್‌ಗೆ ಜಾಗ ಇದ್ರೆ ಬೀನ್ ಅನಿಮಲ್ ರೀತಿ ಮಾಡಿ, ಒಂದು ಸೈಫನ್, ಒಂದರಲ್ಲಿ ಸಣ್ಣ ತೊರೆ ಗಾಳಿ ಜೊತೆ ಹರಿಯುತ್ತೆ, ಒಂದು ಒಣ ಎಮರ್ಜೆನ್ಸಿ. ಹೆಚ್ಚುಕಮ್ಮಿ ಆಗೋದನ್ನೆಲ್ಲಾ ಎರಡನೇ ಪೈಪ್ ತಾನೇ ಸರಿದೂಗಿಸುತ್ತೆ, ಪದೇ ಪದೇ ವಾಲ್ವ್ ತಿರುಗಿಸೋ ಗೋಜು ಇಲ್ಲ.

ಡ್ರಿಲ್ ಮಾಡದೇ, ಅಂಚಿನ ಮೇಲಿಂದ ಹತ್ತಿಸಿ ಇಳಿಸಿದ್ರೆ

ಟಫನ್ಡ್ ಗಾಜಿಗೆ ಡ್ರಿಲ್ ತಾಗಿಸಿದ್ರೆ ಪೂರ್ತಿ ಗಾಜು ಪುಡಿಪುಡಿ ಆಗುತ್ತೆ, ಅದಕ್ಕೇ ಪಿವಿಸಿ ಪೈಪ್‌ನ ಯೂ ಆಕಾರದಲ್ಲಿ ಬಗ್ಗಿಸಿ ಟ್ಯಾಂಕ್ ಅಂಚಿಗೆ ನೇತು ಹಾಕೋ ಓವರ್‌ಫ್ಲೋ ತುಂಬಾ ಜನ ಮಾಡ್ಕೋತಾರೆ. ಇದರ ಲೆಕ್ಕ ಬೇರೇನೇ. ಇಲ್ಲಿ ನೀರನ್ನ ತಳ್ಳೋದು ಸಂಪ್‌ವರೆಗಿನ 70 ಸೆಂ.ಮೀ. ಅಲ್ಲ, ಯೂ ಪೈಪ್‌ನ ಟ್ಯಾಂಕ್ ಒಳಗಿನ ಕಾಲು ಮುಳುಗಿರೋ ನೀರಿನ ಮಟ್ಟಕ್ಕೂ ಹೊರಗಿನ ಕಾಲು ಮುಳುಗಿರೋ ನೀರಿನ ಮಟ್ಟಕ್ಕೂ ಇರೋ ಎರಡು ಮೂರು ಸೆಂಟಿಮೀಟರ್ ಅಂತರ ಅಷ್ಟೇ. ಅಂತರ 3 ಸೆಂ.ಮೀ. ಇದ್ರೆ 25ರ ಯೂ ಪೈಪ್‌ನಲ್ಲಿ ಗಂಟೆಗೆ 700 ಲೀಟರ್ ಆಸುಪಾಸು ಹೋಗುತ್ತೆ, 5 ಸೆಂ.ಮೀ. ಮಾಡಿದ್ರೆ 900 ಚಿಲ್ಲರೆ. 1500ರ ಪಂಪ್ ಇಟ್ಟು ಒಂದೇ 25ರ ಯೂ ಹಾಕಿದ್ರೆ ಉಕ್ಕೇ ಉಕ್ಕುತ್ತೆ.

ಆಗ ಮನಸ್ಸಿಗೆ ಬರೋದು 40ರ ಯೂ ಪೈಪ್. ಬೇಡ. ಯೂ ಪೈಪ್‌ನ ನೆತ್ತಿಯಲ್ಲಿ ಗಾಳಿ ಗುಳ್ಳೆಗಳು ಬಂದು ಸೇರ್ತಾನೇ ಇರುತ್ತೆ, ಅವನ್ನ ನೀರೇ ಕೆಳಕ್ಕೆ ದಬ್ಕೊಂಡು ಹೋಗ್ಬೇಕು, ಅದಕ್ಕೆ ನೀರಿಗೆ ವೇಗ ಬೇಕು. 1000 ಲೀಟರ್ 25ರ ಪೈಪ್‌ನಲ್ಲಿ ಸೆಕೆಂಡಿಗೆ ಅರ್ಧ ಮೀಟರ್‌ಗಿಂತ ಸ್ವಲ್ಪ ಜಾಸ್ತಿ ಓಡುತ್ತೆ, ಗುಳ್ಳೆ ನಿಲ್ಲಲ್ಲ. ಅದೇ ನೀರು 40ರಲ್ಲಿ ಸೆಕೆಂಡಿಗೆ 22 ಸೆಂ.ಮೀ. ಮಾತ್ರ, ಗುಳ್ಳೆ ಮೇಲೇ ಕೂತ್ಕೊಂಡು ದೊಡ್ಡದಾಗಿ ಒಂದು ದಿನ ಸೈಫನ್ ಕಡಿಯುತ್ತೆ. ಪಂಪ್ ಪಾಪ ತನ್ನ ಪಾಡಿಗೆ ಮೇಲಕ್ಕೆ ಕಳಿಸ್ತಾನೇ ಇರುತ್ತೆ. ದೊಡ್ಡ ಯೂ ಒಂದರ ಬದಲು ಸಣ್ಣ ಯೂ ಎರಡು ಹಾಕಿ, ಒಂದೊಂದರಲ್ಲೂ ವೇಗ ಉಳಿಯುತ್ತೆ, ಒಂದು ಕೈಕೊಟ್ರೂ ಇನ್ನೊಂದು ಸ್ವಲ್ಪ ಹೊತ್ತು ಕಾಯುತ್ತೆ. ಪಾರದರ್ಶಕ ಪೈಪ್ ಸಿಕ್ಕಿದ್ರೆ ನೆತ್ತಿಗೆ ಅದನ್ನೇ ಹಾಕಿ, ಗುಳ್ಳೆ ಸೇರ್ತಾ ಇದೆಯಾ ಅನ್ನೋದು ಕಣ್ಣಿಗೇ ಕಾಣುತ್ತೆ.

ಯೂ ಕಟ್ಟಾಗ್ತಾ ಇದ್ರೆ ನೋಡ್ಬೇಕಾದ್ದು: ನೆತ್ತಿಯ ಜೋಡಣೆಗಳಲ್ಲಿ ಗಾಳಿ ಸೋರಿಕೆ ಇದೆಯಾ, ಅಲ್ಲಿ ಒಳಗಿನ ಒತ್ತಡ ಹೊರಗಿಗಿಂತ ಕಮ್ಮಿ ಇರುತ್ತೆ ಹಾಗಾಗಿ ನೀರು ಹೊರಗೆ ತೊಟ್ಟಿಕ್ಕಲ್ಲ, ಗಾಳಿ ಒಳಗೆ ಹೋಗುತ್ತೆ, ಒಣಗಿದೆ ಅಂತ ಸೋರಿಕೆ ಇಲ್ಲ ಅಂದ್ಕೋಬೇಡಿ. ಏರ್‌ಸ್ಟೋನ್ ಅಥವಾ ವೇವ್‌ಮೇಕರ್ ಎಸೆಯೋ ಗುಳ್ಳೆ ಯೂ ಬಾಯಿಯ ಹತ್ರ ಬರ್ತಿದೆಯಾ. ಕರೆಂಟ್ ಹೋದಾಗ ಎರಡೂ ಕಡೆ ಕಾಲು ನೀರಲ್ಲೇ ಮುಳುಗಿರುತ್ತಾ, ಒಂದು ಕಡೆ ಒಣಗಿದ್ರೂ ಸೈಫನ್ ಹೋಯ್ತು. ನೆತ್ತಿಯಿಂದ ಗಾಳಿ ಎಳೆಯೋಕೆ ಸಣ್ಣ ಪಂಪ್ ಜೋಡಿಸಿದ್ರೆ ಅದರ ಟ್ಯೂಬ್ ಮುಚ್ಚಿದೆಯಾ. ನನ್ನ ಅಭಿಪ್ರಾಯ ಕೇಳಿದ್ರೆ, ಡ್ರಿಲ್ ಮಾಡೋಕೆ ಆಗೋ ಗಾಜು ಇದ್ರೆ ಡ್ರಿಲ್ ಮಾಡಿ, ಈ ಯೂ ಪೈಪ್ ಕಾಯೋ ಕೆಲಸ ಯಾರಿಗೂ ಬೇಡ. ತೂತಿನ ಅಂಚಿನಿಂದ ಗಾಜಿನ ಅಂಚಿಗೆ ಕನಿಷ್ಠ ಒಂದು ತೂತಿನ ವ್ಯಾಸದಷ್ಟು ಜಾಗ ಬಿಡಿ.

ಕೆಳಗಡೆ ಪೈಪ್ ಹಾದಿ

ಅಂಚು ಸರಿ, ಬಾಯಿ ಸರಿ, ಆದ್ರೂ ಬಾಕ್ಸ್ ತುಂಬುತ್ತೆ ಅಂದ್ರೆ ಕೆಳಗೆ ನೋಡಿ. ಬಗ್ಗೋ ಹೋಸ್ ಹಾಕಿದ್ರೆ ಅದು ಎಲ್ಲೋ ಜೋತುಬಿದ್ದು ಮತ್ತೆ ಮೇಲೆ ಎದ್ದಿರುತ್ತೆ, ತಗ್ಗಲ್ಲಿ ನೀರು, ಉಬ್ಬಲ್ಲಿ ಗಾಳಿ ಸಿಕ್ಕಿ ನೀರನ್ನ ತಡೆಯುತ್ತೆ, ಪಂಪ್ ಶುರು ಮಾಡಿದಾಗ ಮೊದಲು ಏನೂ ಬರದೇ ಆಮೇಲೆ ಧಡಾರ್ ಅಂತ ಬಂದ್ರೆ ಇದೇ. ಹಾದಿ ಉದ್ದಕ್ಕೂ ಇಳಿಜಾರೇ ಇರ್ಬೇಕು, ಅಡ್ಡ ಓಟ ಇದ್ರೂ ಸ್ವಲ್ಪ ಇಳಿಜಾರು ಕೊಡಿ, 90ರ ಎಲ್ಬೋ ಒಂದರ ಬದಲು 45ರದ್ದು ಎರಡು ಹಾಕಿ.

ಪೈಪ್‌ನ ಕೊನೆ ಸಂಪ್ ನೀರಲ್ಲಿ ಎಷ್ಟು ಮುಳುಗಿದೆ ಅನ್ನೋದೂ ಮುಖ್ಯ. 15 ಸೆಂ.ಮೀ. ಮುಳುಗಿಸಿಟ್ರೆ ಶುರುವಾಗುವಾಗ ಪೈಪ್ ಒಳಗಿನ ಗಾಳಿ ಹೊರಗೆ ಹೋಗೋಕೆ ದಾರಿ ಇಲ್ಲ, ತೇಗಿದ ಹಾಗೆ ಬುಳಕ್ ಬುಳಕ್ ಅನ್ನುತ್ತೆ. 2 ಸೆಂ.ಮೀ. ಮುಳುಗಿದ್ರೆ ಸಾಕು. ಪರೀಕ್ಷೆ ಸುಲಭ, ಕೊನೆಯನ್ನ ಕೈಯಲ್ಲಿ ನೀರಿನಿಂದ ಮೇಲೆ ಎತ್ತಿ ಹಿಡೀರಿ, ಬಾಕ್ಸ್ ಮಟ್ಟ ತಕ್ಷಣ ಇಳಿದ್ರೆ ತೊಂದರೆ ಅಲ್ಲೇ ಇತ್ತು.

ತಿಂಗಳುಗಟ್ಟಲೆ ಚೆನ್ನಾಗಿ ಓಡಿ ಈಗ ಮಟ್ಟ ಏರ್ತಿದೆ ಅಂದ್ರೆ ಸೈಜ್ ಲೆಕ್ಕ ಎಲ್ಲಾ ಪಕ್ಕಕ್ಕಿಡಿ, ಒಳಗೆ ಲೋಳೆ ಕಟ್ಟಿದೆ ಅಥವಾ ಹುಳ ಕೂತಿದೆ, ಉಪ್ಪುನೀರಿನ ಟ್ಯಾಂಕ್ ಆದ್ರೆ ಸುಣ್ಣದ ಪದರವೂ ಇರುತ್ತೆ. ಬಾಟಲ್ ಬ್ರಷ್ ಹಾಕಿ ಉಜ್ಜಿ. ಅದಕ್ಕೇ ಪೈಪ್ ಬಿಚ್ಚೋಕೆ ಆಗೋ ಹಾಗೆ ಯೂನಿಯನ್ ಹಾಕಿಡ್ಬೇಕು, ಎಲ್ಲಾ ಸಾಲ್ವೆಂಟ್ ಹಾಕಿ ಅಂಟಿಸಿದ್ರೆ ತೊಳೆಯೋದು ಹೇಗೆ.

ಕರೆಂಟ್ ಹೋದಾಗ, ಡ್ರೈನ್ ಕಟ್ಕೊಂಡಾಗ

ಇವೆರಡನ್ನೂ ಲೆಕ್ಕ ಹಾಕಿ ಸುಮ್ನಾಗ್ಬೇಡಿ, ಮಾಡೇ ನೋಡಿ. ಕರೆಂಟ್ ಹೋದ್ರೆ ಅಂಚಿನ ಮೇಲಿರೋ ನೀರಷ್ಟೂ ಸಂಪ್‌ಗೆ ಇಳಿಯುತ್ತೆ. 120ಕ್ಕೆ 45 ಸೆಂ.ಮೀ. ಟ್ಯಾಂಕ್ ಆದ್ರೆ ಪ್ರತಿ ಸೆಂಟಿಮೀಟರ್ ಮಟ್ಟಕ್ಕೆ 5.4 ಲೀಟರ್, ಹಲ್ಲಿನ ಮೇಲೆ 1.5 ಸೆಂ.ಮೀ. ಇದ್ರೆ 8 ಲೀಟರ್ ಇಳೀತು, ಅದೇನೂ ದೊಡ್ಡದಲ್ಲ. ದೊಡ್ಡದು ರಿಟರ್ನ್ ಪೈಪ್, ಅದರ ಬಾಯಿ ನೀರಿನಿಂದ 8 ಸೆಂ.ಮೀ. ಕೆಳಗಿದ್ರೆ ಪಂಪ್ ನಿಂತ ತಕ್ಷಣ ಅದು ಉಲ್ಟಾ ಸೈಫನ್ ಆಗಿ 43 ಲೀಟರ್ ಸಂಪ್‌ಗೆ ಸುರಿಯುತ್ತೆ. ಆ ಬಾಯಿಯನ್ನ ಮೇಲ್ಮೈಗೆ ಹತ್ತಿರ ತನ್ನಿ. ಸೈಫನ್ ಕಡಿಯೋ ತೂತು ಕೊರೆದಿದ್ರೆ ಅದು ಪಾಚಿಯಲ್ಲಿ ಮುಚ್ಚುತ್ತೆ, ನೀರನ್ನ ಒಂದೇ ಕಡೆಗೆ ಬಿಡೋ ಚೆಕ್ ವಾಲ್ವ್ ಇದ್ರೆ ಅದರಲ್ಲಿ ಕಸ ಸಿಕ್ಕಿ ಪೂರ್ತಿ ಮುಚ್ಚಲ್ಲ, ಎರಡನ್ನೂ ನಂಬಿ ಸಂಪ್‌ನಲ್ಲಿ ಜಾಗ ಕಮ್ಮಿ ಬಿಡ್ಬೇಡಿ. ಸ್ವಿಚ್ ಆಫ್ ಮಾಡಿ ಸಂಪ್ ಎಲ್ಲೀವರೆಗೂ ಏರುತ್ತೋ ಅಲ್ಲಿ ಒಂದು ಗೆರೆ ಎಳೆದು, ತುಂಬಿದ ಮೇಲೂ ಅಂಚಿಗೆ ಎರಡು ಬೆರಳು ಜಾಗ ಉಳಿಯೋ ಹಾಗೆ ಓಡುವಾಗಿನ ನೀರಿನ ಮಟ್ಟ ಕಮ್ಮಿ ಮಾಡ್ಕೊಳ್ಳಿ.

ಡ್ರೈನ್ ಪೂರ್ತಿ ಕಟ್ಕೊಂಡ್ರೆ ಏನಾಗುತ್ತೆ ಅನ್ನೋದು ಇದರ ಉಲ್ಟಾ. ಪಂಪ್ ಇರೋ ಖಾನೆಯ ನೀರಷ್ಟೂ ಮೇಲಕ್ಕೆ ಹೋಗಿ ಪಂಪ್ ಒಣಗಿ ನಿಲ್ಲುತ್ತೆ. ಆ ಖಾನೆ 30ಕ್ಕೆ 40 ಸೆಂ.ಮೀ. ಇದ್ದು 20 ಸೆಂ.ಮೀ. ನೀರಿದ್ರೆ 24 ಲೀಟರ್, ಮೇಲಿನ ಟ್ಯಾಂಕ್‌ನಲ್ಲಿ 4.4 ಸೆಂ.ಮೀ. ಏರುತ್ತೆ. ನಿಮ್ಮ ಟ್ಯಾಂಕ್‌ನ ನೀರಿಗೂ ಅಂಚಿಗೂ 3 ಸೆಂ.ಮೀ. ಮಾತ್ರ ಅಂತರ ಇದ್ರೆ ನೆಲ ಒದ್ದೆ. ಹಾಗಾಗಿ ಪಂಪ್ ಖಾನೆ ಚಿಕ್ಕದಿಡಿ, ಆವಿಯಾದ ನೀರನ್ನ ಪದೇ ಪದೇ ತುಂಬಿಸ್ತಾ ಇರ್ಬೇಕಾಗುತ್ತೆ ಅಷ್ಟೇ, ಪರವಾಗಿಲ್ಲ.

ಕೊನೆ ಪರೀಕ್ಷೆ ಎಮರ್ಜೆನ್ಸಿಯದ್ದು. ಪಕ್ಕದಲ್ಲೇ ನಿಂತ್ಕೊಂಡು, ಸ್ವಿಚ್ ಕೈಗೆಟುಕೋ ಹಾಗೆ ಇಟ್ಕೊಂಡು, ಪಂಪ್ ಪೂರ್ತಿ ಸ್ಪೀಡಲ್ಲಿ ಓಡಿಸ್ತಾ ಸೈಫನ್ ಪೈಪ್‌ನ ವಾಲ್ವ್ ಪೂರ್ತಿ ಮುಚ್ಚಿ. ಬಾಕ್ಸ್ ಏರಿ ಎಮರ್ಜೆನ್ಸಿಗೆ ನೀರು ನುಗ್ಗಿ ಭಯಂಕರ ಸದ್ದು ಮಾಡುತ್ತೆ, ಮಾಡ್ಲಿ, ಮಟ್ಟ ಎಲ್ಲಾದ್ರೂ ಒಂದು ಕಡೆ ನಿಲ್ಲುತ್ತಾ ಅನ್ನೋದು ಮುಖ್ಯ. ಹದಿನೈದು ನಿಮಿಷ ಹಾಗೇ ಬಿಡಿ. ನಿಲ್ಲಲಿಲ್ಲ ಅಂದ್ರೆ ಪಂಪ್ ಆಫ್ ಮಾಡಿ, ಎಮರ್ಜೆನ್ಸಿ ಬಾಯಿಗೆ ಉಲ್ಟಾ ರಿಡ್ಯೂಸರ್ ಕೂರಿಸಿ ಬಾಯನ್ನ ಅಗಲ ಮಾಡಿ, ಬಾಯಿಯ ಮಟ್ಟ ಒಂದು ಸೆಂ.ಮೀ. ಕೆಳಗಿಳಿಸಿ, ಮತ್ತೆ ಅದೇ ಪರೀಕ್ಷೆ. ಆಗ್ಲೂ ನಿಲ್ಲಲಿಲ್ಲ ಅಂದ್ರೆ ಆ ತೂತಿಗೆ ಆ ಪಂಪ್ ಜಾಸ್ತಿ ಆಯ್ತು, ಮಟ್ಟ ನಿಲ್ಲೋವರೆಗೂ ಸ್ಪೀಡ್ ಇಳಿಸಿ, ಅಲ್ಲಿಂದ ಮುಂದಕ್ಕೆ ತಿರುಗಿಸ್ಬೇಡಿ.